ಸೇವೆಯ ಲೆಕ್ಕ: ಬರೆಯುವವರುಂಟು, ಓದುವವರಾರು?

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಗಬ್ಬೂರು ಹಳೆಯ ಗುಡಿಗಳಿಗೂ ಶಿಲಾಶಾಸನಗಳಿಗೂ ಹೆಸರಾದ ಊರು. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಬಲ್ಲವರಿಗೆ ಅವುಗಳ ರೀತಿ ಗೊತ್ತಿದೆ. ಕೊಟ್ಟವರಾರು, ಪಡೆದವರಾರು, ಭೂಮಿ ಎಷ್ಟು, ಅದರ ಎಲ್ಲೆ ಯಾವುದು, ಬಂದ ಆದಾಯ ಯಾವ ಕಾರ್ಯಕ್ಕೆ ಸಲ್ಲಬೇಕು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ದಾನವನ್ನು ಕೆಡಿಸಿದವರಿಗೆ ಶಾಪವೂ ಇರುತ್ತದೆ. ಅಂಥ ಕಲ್ಲು ಯಾವುದೋ ಉಗ್ರಾಣದ ಮೂಲೆಯಲ್ಲಿ ಇರುತ್ತಿರಲಿಲ್ಲ. ಜನ ಓಡಾಡುವ ಕಡೆ ನಿಂತಿರುತ್ತಿತ್ತು. ದಾನದ ಲೆಕ್ಕ ಊರಿನ ಕಣ್ಣೆದುರಿಗೆ ಇರಬೇಕೆಂಬುದು ಅಂದಿನವರ ಎಣಿಕೆ.

ಈ ಮಾತು ಈಗ ನೆನಪಾಗಲು ಕಾರಣವಿದೆ. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ, ಯಾವ ಕಲಮಿನಲ್ಲಿ ಏನನ್ನು ಬರೆಸಬೇಕೆಂಬ ಚರ್ಚೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ನಡೆಯಿತು. 2021ರಲ್ಲಿ ನಡೆಯಬೇಕಿದ್ದು ನಡೆಯದೆ ಹೋದ ಜನಗಣತಿಗೆ 2025ರ ಜೂನ್ ತಿಂಗಳಲ್ಲಿ ಅಧಿಸೂಚನೆ ಹೊರಬಿದ್ದಿತು. ಅದರ ಆಧಾರ ದಿನ 2027ರ ಮಾರ್ಚ್ 1. ಸರ್ಕಾರ ನಮ್ಮನ್ನು ಹೇಗೆ ಎಣಿಸುತ್ತದೆ ಎಂಬ ಬಗ್ಗೆ ನಾವು ತೋರಿದ ಕಾಳಜಿ ಸಹಜವಾದುದೇ. ಆದರೆ ನಮ್ಮ ಸೇವಾಸಂಸ್ಥೆಗಳು ಬಡವರನ್ನು ಹೇಗೆ ಎಣಿಸುತ್ತಿವೆ, ಆ ಎಣಿಕೆಯಿಂದ ಬಡವರಿಗೆ ಆದ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ನಾವು ಅಷ್ಟೇ ಕಾಳಜಿಯಿಂದ ಕೇಳಿಕೊಂಡಿದ್ದೇವೆಯೆ? ಈ ವಾರ ಅದನ್ನೇ ವಿಚಾರ ಮಾಡೋಣ.

ಮತ್ತೆ ಮತ್ತೆ ಎಣಿಸಿದ ತಾಲ್ಲೂಕು

ದೇವದುರ್ಗ ತಾಲ್ಲೂಕಿನ ಮಟ್ಟಿಗೆ ಅಂಕಿಗಳ ಕೊರತೆ ಎಂದೂ ಇರಲಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಭ್ಯಸಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 35 ಸೂಚಕಗಳನ್ನು ಆಧರಿಸಿ ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ಅಳೆದ ಆ ಸಮಿತಿ, 114 ತಾಲ್ಲೂಕುಗಳು ಹಿಂದುಳಿದಿವೆ ಎಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದೂ ನಿರ್ಣಯಿಸಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡಾಗ ದೇವದುರ್ಗಕ್ಕೆ ದೊರೆತ ಅಂಕ 0.53. ಪಟ್ಟಿಯ ಕಟ್ಟಕಡೆಯ ಸ್ಥಾನ ಅದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ. 59.56. 2018ರ ಜನವರಿಯಲ್ಲಿ ಕೇಂದ್ರವು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ. ಅಲ್ಲಿಯೂ 49 ಸೂಚಕಗಳು, ಅವುಗಳನ್ನು ಅನುಸರಿಸಿ ಜಿಲ್ಲೆಗಳಿಗೆ ಶ್ರೇಯಾಂಕ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಹೊಸ ಸಮಿತಿಯೊಂದು ರಚನೆಯಾಯಿತು.

ಈ ಅಳತೆಗಳೆಲ್ಲ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಸಂವಿಧಾನದ 371-ಜೆ ವಿಧಿಯ ಬೇಡಿಕೆಗೆ ಬಲ ಬಂದದ್ದು ಇಂಥ ಅಂಕಿಗಳಿಂದಲೇ. ಆದರೆ ಜಿಲ್ಲೆಯ ಸರಾಸರಿ ಬೆಂಗಳೂರಿನಲ್ಲಿ ಕುಳಿತು ಹಣ ಹಂಚುವವರಿಗೆ ದಾರಿ ತೋರಿಸುತ್ತದೆಯೇ ಹೊರತು, ಗಬ್ಬೂರು ಹೋಬಳಿಯ ಯಾವ ಓಣಿಯಲ್ಲಿ, ಯಾವ ತಾಂಡಾದಲ್ಲಿ ಯಾವ ಮಗುವಿನ ತೂಕ ಇಳಿಯುತ್ತಿದೆ ಎಂಬುದನ್ನು ತಿಳಿಸುವುದಿಲ್ಲ. ಅದು ಹತ್ತಿರ ಇರುವವರ ಕೆಲಸ.

ಈ ಭೇದ ಎಷ್ಟು ಗಂಭೀರವಾದುದೆಂಬುದನ್ನು ಜಿಲ್ಲೆಯ ಜನ ಕಹಿಯಾಗಿಯೇ ಕಂಡಿದ್ದಾರೆ. 2011ರಲ್ಲಿ ರಾಯಚೂರಿನ ಅಪೌಷ್ಟಿಕ ಮಕ್ಕಳ ಸಾವಿನ ಸುದ್ದಿ ರಾಜ್ಯವನ್ನೇ ತಲ್ಲಣಗೊಳಿಸಿತು. ವಿಷಯ ಹೈಕೋರ್ಟಿನವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. ಅಂಗನವಾಡಿಯಲ್ಲಿ ಮಗುವನ್ನು ತೂಗಿ, ತೂಕವನ್ನು ಬರೆದಿಡುವ ಪದ್ಧತಿ ಅದಕ್ಕಿಂತ ಬಹಳ ಹಿಂದಿನಿಂದಲೇ ಇದ್ದದ್ದು. ಆದರೆ ಬರೆದ ತೂಕವು ಎಚ್ಚರಿಕೆಯ ಗಂಟೆಯಾಗಬೇಕಾದರೆ ಅದನ್ನು ಯಾರಾದರೂ ಅದೇ ವಾರ ಓದಬೇಕು, ಓದಿದವರು ಆ ಮನೆಗೆ ಹೋಗಬೇಕು, ತಾಯಿಯೊಡನೆ ಮಾತನಾಡಬೇಕು. ಓದದೆ ಮೇಲಕ್ಕೆ ಕಳುಹಿಸಿದ ಅಂಕಿಯು ವರ್ಷದ ಕೊನೆಗೆ ಸಾವಿನ ಲೆಕ್ಕವಾಗಿ ಹಿಂದಿರುಗುತ್ತದೆ.

ನಮ್ಮ ವಹಿಗಳಲ್ಲಿ ಏನಿದೆ?

ಸರ್ಕಾರಕ್ಕೆ ಹೇಳಿದ ಈ ಮಾತು ನಮಗೂ ಸಲ್ಲುತ್ತದೆ. ಬಳ್ಳಾರಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಸೇರಿದ ರಾಯಚೂರು ಜಿಲ್ಲೆಯಲ್ಲಿ ಕಥೋಲಿಕರ ಸಂಖ್ಯೆ ಅಲ್ಪವಾದರೂ ಸೇವೆಯ ಕ್ಷೇತ್ರ ಸಣ್ಣದಲ್ಲ. ದೇವದುರ್ಗದಲ್ಲಿ ಡಾನ್ ಬಾಸ್ಕೊ ಸಂಸ್ಥೆ, ಮಾನ್ವಿಯಲ್ಲಿ ಯೇಸುಸಭೆಯವರ ಲೊಯೋಲಾ ವಿದ್ಯಾಸಂಸ್ಥೆ, ಅಲ್ಲಲ್ಲಿ ಧರ್ಮಭಗಿನಿಯರ ಶಾಲೆ, ದವಾಖಾನೆ, ಮಹಿಳಾ ಸಂಘಗಳು ಇವೆ. ಧರ್ಮಸಭೆಯ ಹೊರಗೂ 1987ರಿಂದ ಈ ಭಾಗದಲ್ಲಿ ಬೇರುಬಿಟ್ಟ ‘ಸಮೂಹ’ದಂಥ ಸಂಸ್ಥೆಗಳಿವೆ. ನಾವು ಮುಂದೆ ಹೇಳುವ ಮಾತು ಇವುಗಳಲ್ಲಿ ಯಾವೊಂದರ ಮೇಲಿನ ಟೀಕೆಯೂ ಅಲ್ಲ. ನಾಡಿನ ಸಣ್ಣ ಸೇವಾಸಂಸ್ಥೆಗಳಿಗೆಲ್ಲ ಸಾಮಾನ್ಯವಾಗಿ ಅಂಟಿಕೊಂಡಿರುವ ಒಂದು ದೌರ್ಬಲ್ಯದ ಮಾತು.

ಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ತೆರೆಯಿರಿ. ಇಷ್ಟು ಮಹಿಳೆಯರಿಗೆ ಹೊಲಿಗೆ ತರಬೇತಿ, ಇಷ್ಟು ಆರೋಗ್ಯ ಶಿಬಿರ, ಇಷ್ಟು ಸ್ವಸಹಾಯ ಸಂಘ, ಇಷ್ಟು ಫಲಾನುಭವಿಗಳು ಎಂಬ ಪಟ್ಟಿ ಸಾಲುಸಾಲಾಗಿ ಸಿಗುತ್ತದೆ. ತರಬೇತಿ ಪಡೆದವರಲ್ಲಿ ವರ್ಷದ ಬಳಿಕ ಎಷ್ಟು ಮಂದಿಯ ಕೈಯಲ್ಲಿ ಹೊಲಿಗೆಯ ಕೆಲಸವಿದೆ, ಉಳಿದವರು ಏಕೆ ಬಿಟ್ಟರು, ಯಂತ್ರ ಕೊಳ್ಳಲು ಹಣವಿಲ್ಲದೆಯೋ, ಊರಿನಲ್ಲಿ ಗಿರಾಕಿಗಳಿಲ್ಲದೆಯೋ ಎಂಬುದು ಮಾತ್ರ ಸಿಗುವುದಿಲ್ಲ. ಮಾಡಿದ ಕೆಲಸದ ಲೆಕ್ಕ ಇದೆ. ಆದ ಬದಲಾವಣೆಯ ಲೆಕ್ಕ ಇಲ್ಲ. ದಾನಿಗಳು ಮೊದಲನೆಯದನ್ನು ಕೇಳಿದರು, ನಾವು ಕೊಟ್ಟೆವು. ಎರಡನೆಯದನ್ನು ನಾವೇ ನಮಗಾಗಿ ಕೇಳಿಕೊಳ್ಳಬೇಕಾಗಿತ್ತು.

ಇದನ್ನು ಈ ನೆಲದ ಒಂದು ನಿತ್ಯದ ಕಷ್ಟದಿಂದಲೇ ವಿವರಿಸಬಹುದು. ದೇವದುರ್ಗ, ಮಾನ್ವಿ ಕಡೆಯ ಬಡ ಕುಟುಂಬಗಳು ಊರಿನಲ್ಲಿ ಕೂಲಿ ಮುಗಿದ ಮೇಲೆ ಬೆಂಗಳೂರು ಮೊದಲಾದ ಪಟ್ಟಣಗಳಿಗೆ ಗುಳೆ ಹೋಗುವುದು ಹೊಸತಲ್ಲ. ಒಂದು ಹಳ್ಳಿಯಲ್ಲಿ 40 ಮಕ್ಕಳ ಸಂಜೆ ಪಾಠದ ಕೇಂದ್ರವಿದೆ ಎಂದು ಭಾವಿಸೋಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳು ಎಲ್ಲರೂ ಬರುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ 16 ಮಕ್ಕಳು ತಂದೆತಾಯಿಯರೊಡನೆ ಹೋಗಿಬಿಡುತ್ತಾರೆ, 24 ಮಕ್ಕಳು ಉಳಿಯುತ್ತಾರೆ. ಹತ್ತು ತಿಂಗಳ ಸರಾಸರಿ ಹಾಜರಿ ತೆಗೆದರೆ ಶೇ. 80 ಬರುತ್ತದೆ. ವರದಿ ಓದಿದ ದಾನಿಗೆ ಸಮಾಧಾನ, ಸಂಸ್ಥೆಗೆ ಮೆಚ್ಚುಗೆ. ಆದರೆ ಅರ್ಧ ವರ್ಷದ ಪಾಠವನ್ನು ಸಂಪೂರ್ಣವಾಗಿ ಕಳೆದುಕೊಂಡ ಆ 16 ಮಕ್ಕಳು ಶೇ. 80 ಎಂಬ ಅಂಕಿಯ ಹಿಂದೆ ಮರೆಯಾಗಿಬಿಟ್ಟರು.

ಅದೇ ಹಾಜರಿ ಪುಸ್ತಕವನ್ನು ಶಿಕ್ಷಕಿ ಹೆಸರು ಹೆಸರಾಗಿ ಓದಿದ್ದರೆ ಬೇರೆಯೇ ಚಿತ್ರ ಕಾಣುತ್ತಿತ್ತು. ಹೋದ ವರ್ಷ ಹೊರಟ ಮನೆಗಳೇ ಈ ವರ್ಷವೂ ಹೊರಡುವ ಸಂಭವ ಹೆಚ್ಚು. ಆ ಹೆಸರುಗಳನ್ನು ಆಗಸ್ಟ್‌ನಲ್ಲಿಯೇ ಗುರುತು ಮಾಡಿಕೊಂಡರೆ, ಅಜ್ಜಿಯ ಬಳಿ ಮಗುವನ್ನು ಬಿಟ್ಟುಹೋಗುವಂತೆ ಮನೆಯವರೊಡನೆ ಮಾತನಾಡಲು ಸಮಯವಿರುತ್ತದೆ. ಗುಳೆ ಹೋಗುವವರ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿರುವ ಋತುಕಾಲಿಕ ವಸತಿ ವ್ಯವಸ್ಥೆಯನ್ನು ಪಟ್ಟಿಯೊಡನೆ ಹೋಗಿ ಶಿಕ್ಷಣಾಧಿಕಾರಿಗಳಲ್ಲಿ ಕೇಳಬಹುದು. ಒಂದೇ ಪುಸ್ತಕ, ಒಂದೇ ಅಂಕಿ, ವ್ಯತ್ಯಾಸವಿರುವುದು ಓದುವವರಲ್ಲಿ.

ಎಣಿಸಿದವರ ಕೈಯಲ್ಲಿಯೇ ಉಳಿದ ಅಂಕಿ

ಇದು ಕೇವಲ ಆದರ್ಶದ ಮಾತಲ್ಲವೆಂಬುದಕ್ಕೆ ನಿದರ್ಶನಗಳಿವೆ. ರಾಯಚೂರೂ ಸೇರಿದಂತೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ತಾಯಿ ಮತ್ತು ಶಿಶುಗಳ ಆರೋಗ್ಯಕ್ಕಾಗಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸರ್ಕಾರದೊಡನೆ ಸೇರಿ ‘ಸುಕ್ಷೇಮ’ ಎಂಬ ಯೋಜನೆಯನ್ನು ನಡೆಸಿದವು. ಅದರಲ್ಲಿ ಆಶಾ ಕಾರ್ಯಕರ್ತೆಯರಿಗಾಗಿ ರೂಪಿಸಿದ ಸರಳ ಪಟ್ಟಿಯೊಂದಿತ್ತು. ತನ್ನ ವ್ಯಾಪ್ತಿಯ ಮನೆಗಳಲ್ಲಿ ಗರ್ಭಿಣಿಯರಾರು, ಬಾಣಂತಿಯರಾರು, ಯಾರಿಗೆ ಯಾವ ಸೇವೆ ಬಾಕಿ ಇದೆ ಎಂಬುದನ್ನು ಆಕೆ ಬರೆದಿಟ್ಟು, ಅದರಂತೆ ಮನೆಗಳಿಗೆ ಹೋಗಬೇಕು. ಆ ಪಟ್ಟಿಯ ಗುಣ ಇಷ್ಟೇ: ಬರೆದ ಕೈಗೇ ಅದು ನಾಳೆ ಯಾವ ಬಾಗಿಲು ತಟ್ಟಬೇಕೆಂಬುದನ್ನು ಹೇಳುತ್ತದೆ.

ಇನ್ನೊಂದು ನಿದರ್ಶನ ರಾಜಸ್ಥಾನದ್ದು. 1990ರಲ್ಲಿ ಅಲ್ಲಿ ರೂಪುಗೊಂಡ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ತನ್ನ ಮೊದಲ ಜನಸುನವಾಯಿಯನ್ನು ನಡೆಸಿತು. ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಊರಿನ ಜನರ ಎದುರಿಗೆ ಗಟ್ಟಿಯಾಗಿ ಓದುವುದೇ ಅದರ ವಿಧಾನ. ಕೂಲಿಯವರಿಗೆ ಅಕ್ಷರ ಬಾರದಿದ್ದರೇನು, ತಮ್ಮ ಹೆಸರಿನಲ್ಲಿ ಎಷ್ಟು ದಿನ ಬರೆದಿದೆ, ತಾವು ದುಡಿದದ್ದು ಎಷ್ಟು ದಿನ ಎಂಬುದು ಅವರಿಗೆ ಯಾವ ಅಧಿಕಾರಿಗಿಂತ ಚೆನ್ನಾಗಿ ಗೊತ್ತಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಗೆ ನೆಲೆಯಾದ ಹೋರಾಟಗಳಲ್ಲಿ ಇದು ಮುಖ್ಯವಾದುದು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆ ಗ್ರಾಮಸಭೆಯಿಂದ ಸಾಮಾಜಿಕ ಲೆಕ್ಕಪರಿಶೋಧನೆ ನಡೆಯಬೇಕೆಂದು ವಿಧಿಸಿತ್ತು. ಸರ್ಕಾರದ ಲೆಕ್ಕವನ್ನು ಜನರ ಮುಂದೆ ಓದಬೇಕೆನ್ನುವ ನಾವು ನಮ್ಮ ಸೇವೆಯ ಲೆಕ್ಕವನ್ನು ಫಲಾನುಭವಿಗಳ ಮುಂದೆ ಓದಲು ಹಿಂಜರಿಯುವುದು ಸರಿಯಲ್ಲ.

ತೊಡಕು ಎಲ್ಲಿದೆ?

ಹಾಗಾದರೆ ಏಕೆ ಆಗುತ್ತಿಲ್ಲ? ಮನಸ್ಸಿಲ್ಲದೆ ಅಲ್ಲ. ಲೆಕ್ಕವನ್ನು ಓದುವುದಕ್ಕೂ ಜನ ಬೇಕು, ಸಮಯ ಬೇಕು, ಹಣ ಬೇಕು. ಈ ಮೂರಕ್ಕೂ ಇಂದು ಬರವಿದೆ.

ಹಣದ ಮಾತು ಮೊದಲು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ವಿದೇಶಿ ನೆರವು ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಪೂರ್ಣವಾಗಿ ನಿಷೇಧಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹರಿದು ಬರುತ್ತಿದ್ದ ಹಣ ಅಲ್ಲಿಗೆ ನಿಂತಿತು. ಲೆಕ್ಕ ಇಡುವ ವೆಚ್ಚ, ವರದಿ ಬರೆದು ಸಲ್ಲಿಸುವ ವೆಚ್ಚ, ವಾಹನದ ವೆಚ್ಚ ಇವೆಲ್ಲ ಆಡಳಿತ ವೆಚ್ಚದ ಲೆಕ್ಕಕ್ಕೇ ಸೇರುತ್ತವೆ. ಕ್ಷೇತ್ರದ ಮಾಹಿತಿಯನ್ನು ಸಂಗ್ರಹಿಸಿ ವಿಶ್ಲೇಷಿಸುವವರ ಸಂಬಳಕ್ಕೆ ನಿಯಮಗಳು ವಿನಾಯಿತಿ ಕೊಟ್ಟಿದ್ದರೂ, ಅದು ಮುಖ್ಯವಾಗಿ ಸಂಶೋಧನೆ ಅಥವಾ ತರಬೇತಿಯಲ್ಲಿ ತೊಡಗಿದ ಸಂಸ್ಥೆಗಳಿಗೆ ಮಾತ್ರ. 2021ರ ಕೊನೆಯಲ್ಲಿ ಮದರ್ ತೆರೇಸಾರ ಸಭೆಯ ಪರವಾನಗಿಯ ನವೀಕರಣವೇ ನಿಂತು, 2022ರ ಜನವರಿಯಲ್ಲಿ ಮರಳಿ ದೊರೆತದ್ದನ್ನು ಓದುಗರು ಮರೆತಿರಲಾರರು. ಅಷ್ಟು ದೊಡ್ಡ ಸಭೆಗೇ ಆ ಪಾಡಾದರೆ ಒಬ್ಬ ಲೆಕ್ಕಿಗನನ್ನೂ ಇಟ್ಟುಕೊಳ್ಳಲಾರದ ಸಂಸ್ಥೆಯ ಗತಿಯೇನು?

ದೇಶದೊಳಗಿನ ದಾನಿಗಳ ಮನೋಭಾವವೂ ಹೆಚ್ಚು ಬೇರೆಯಲ್ಲ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು, ಅದರ ವ್ಯಾಪ್ತಿಗೆ ಬರುವ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವಿನಿಯೋಗಿಸಬೇಕೆಂದು ವಿಧಿಸಿದೆ. ಆದರೆ ಕೊಡುವವರಿಗೆ ಕಟ್ಟಡ, ಬೆಂಚು, ಗಣಕಯಂತ್ರ ಎಂದರೆ ಸಂತೋಷ. ಅವುಗಳ ಮೇಲೆ ಹೆಸರು ಬರೆಸಬಹುದು. ಕಾರ್ಯಕರ್ತೆಯ ಮೂರು ವರ್ಷದ ಸಂಬಳದ ಮೇಲೆ ಯಾರ ಹೆಸರನ್ನು ಬರೆಸುವುದು? ನಾವೂ ‘ನಮ್ಮಲ್ಲಿ ಆಡಳಿತ ವೆಚ್ಚ ಬಹಳ ಕಡಿಮೆ’ ಎಂದು ಹೆಮ್ಮೆಪಟ್ಟು ಆ ಮನೋಭಾವಕ್ಕೆ ನೀರೆರೆದಿದ್ದೇವೆ. ಕಡಿಮೆ ಖರ್ಚು ಮಿತವ್ಯಯವೂ ಆಗಿರಬಹುದು, ಕಾರ್ಯಕರ್ತೆಯ ಹೊಟ್ಟೆಯ ಮೇಲೆ ಹಾಕಿದ ತೆರಿಗೆಯೂ ಆಗಿರಬಹುದು.

ಎರಡನೆಯ ತೊಡಕು ನಮ್ಮ ಮನೆಯೊಳಗಿನದು. ಗುರುಗಳಿಗೂ ಧರ್ಮಭಗಿನಿಯರಿಗೂ ಕೆಲವೇ ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ಸನ್ಯಾಸ ಜೀವನದ ಶಿಸ್ತಿನಲ್ಲಿ ಅದಕ್ಕೆ ತಕ್ಕ ಕಾರಣಗಳಿವೆ, ಅದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಯಾವ ಮನೆಯ ಮಗಳು ಶಾಲೆ ಬಿಟ್ಟಳು, ಯಾವ ಸಂಘದ ಸಾಲ ಏಕೆ ನಿಂತಿತು ಎಂಬ ತಿಳಿವಳಿಕೆ ಅವರ ತಲೆಯಲ್ಲಿಯೇ ಉಳಿದು ಅವರೊಡನೆಯೇ ಬಸ್ಸು ಹತ್ತಿಬಿಡುತ್ತದೆ. ಹೊಸದಾಗಿ ಬಂದವರು ಹೊಸ ಯೋಜನೆಯನ್ನು ಮೊದಲಿನಿಂದ ಆರಂಭಿಸುತ್ತಾರೆ. ಒಂದು ವರ್ಷದ ಕರಾರಿನ ಮೇಲೆ ದುಡಿಯುವ ಕಾರ್ಯಕರ್ತರ ವಿಷಯದಲ್ಲಿಯೂ ಇದೇ ಕಥೆ. ಸಂಸ್ಥೆಯ ಸಾಮರ್ಥ್ಯವೆಂದರೆ ಕಟ್ಟಡವಲ್ಲ. ಒಬ್ಬರು ಹೋದ ಮೇಲೂ ಕೆಲಸದ ನೆನಪು ಉಳಿಯುವುದೇ ಸಾಮರ್ಥ್ಯ.

ಮೂರನೆಯದು ಭಾಷೆ. ಮಾಹಿತಿ ಕೊಡುವಾಕೆ ಕನ್ನಡದಲ್ಲಿಯೋ, ಲಂಬಾಣಿಯಲ್ಲಿಯೋ, ತೆಲುಗಿನಲ್ಲಿಯೋ ಹೇಳುತ್ತಾಳೆ. ನಮೂನೆ ಅನೇಕ ವೇಳೆ ಇಂಗ್ಲಿಷಿನಲ್ಲಿರುತ್ತದೆ. ತುಂಬಿದ ನಮೂನೆ ದೂರದ ನಗರಕ್ಕೆ ಹೋಗಿ ಅಲ್ಲಿ ಇಂಗ್ಲಿಷ್ ವರದಿಯಾಗುತ್ತದೆ. ಅದು ಹಳ್ಳಿಗೆ ಎಂದೂ ಹಿಂದಿರುಗುವುದಿಲ್ಲ. ದೇವದುರ್ಗ, ಮಾನ್ವಿಯಲ್ಲಿ ಪದವಿ ಮುಗಿಸಿದ, ಮನೆತನದಲ್ಲಿಯೇ ಮೊದಲು ಅಕ್ಷರ ಕಲಿತ ಎಷ್ಟೋ ಯುವತಿಯರಿದ್ದಾರೆ. ಅವರನ್ನು ನಾವು ನಮೂನೆ ತುಂಬಲು ನೇಮಿಸುತ್ತೇವೆ, ಅಂಕಿಯ ಅರ್ಥವನ್ನು ಹೇಳಲು ಕರೆಯುವುದಿಲ್ಲ.

ಎರಡು ಬಗೆಯ ಎಣಿಕೆ

‘ಸೇವೆಗೆ ಲೆಕ್ಕವೇಕೆ? ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಲ್ಲವೆ?’ ಎಂದು ಕೇಳುವ ಸಜ್ಜನರು ನಮ್ಮಲ್ಲಿದ್ದಾರೆ. ಪ್ರಭುವಿನ ಆ ಬೋಧನೆ ಕೊಡುವವನ ಡಂಭವನ್ನು ಕುರಿತದ್ದು, ಪಡೆಯುವವನ ಹಿತವನ್ನು ವಿಚಾರಿಸಬಾರದೆಂದಲ್ಲ. ಪವಿತ್ರ ಗ್ರಂಥದಲ್ಲಿ ಎಣಿಕೆ ಎರಡು ಬಗೆಯಾಗಿ ಬರುತ್ತದೆ. ದಾವೀದ ಅರಸನು ತನ್ನ ಬಲವನ್ನು ತಿಳಿಯಲು ಯೋಧರನ್ನು ಎಣಿಸಿದನು; ಅದು ಪಾಪವೆನಿಸಿ ನಾಡಿಗೆ ಪಿಡುಗು ಬಂದಿತು. ಲೂಕನ ಶುಭಸಂದೇಶದ ಕುರುಬನೂ ಎಣಿಸಿದನು. ಎಣಿಸಿದ್ದರಿಂದಲೇ ನೂರರಲ್ಲಿ ಒಂದು ಕಾಣೆಯಾಗಿದೆ ಎಂಬುದು ಅವನಿಗೆ ತಿಳಿದದ್ದು. ಶೇ. 99 ಎಂದು ವರದಿ ಬರೆದು ಆತ ಸುಮ್ಮನಾಗಲಿಲ್ಲ.

ಧರ್ಮಸಭೆಗೂ ದಾಖಲೆ ಹೊಸದಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹಗಳ ವಹಿಯನ್ನು ಇಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ವಿವಾಹ, ಮರಣ ಮೊದಲಾದ ವಹಿಗಳೊಡನೆ ‘ಆತ್ಮಗಳ ಸ್ಥಿತಿ’ ಎಂಬ ಮತ್ತೊಂದನ್ನೂ ಹೇಳಿತು. ಧರ್ಮಕೇಂದ್ರದ ಗುರುಗಳು ಮನೆಮನೆಗೆ ಹೋಗಿ, ಯಾರ್ಯಾರಿದ್ದಾರೆ, ಅವರ ಸ್ಥಿತಿಗತಿ ಏನೆಂಬುದನ್ನು ಕುಟುಂಬವಾರು ಬರೆದಿಡುವ ವಹಿ ಅದು. ಮನೆಯನ್ನು ಸಂದರ್ಶಿಸದೆ ಅದನ್ನು ತುಂಬಲಾಗದು.

ಎಣಿಕೆಗೂ ಒಂದು ಮರ್ಯಾದೆಯಿದೆ. ಬಡವರ ಆಧಾರ್ ನಕಲು, ರೋಗದ ವಿವರ, ಮಕ್ಕಳ ಭಾವಚಿತ್ರ ನಮ್ಮ ಕಚೇರಿಯ ಕಪಾಟಿನಲ್ಲಿ ಅನಾಥವಾಗಿ ಬಿದ್ದಿರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದೆ. ಕಾಯ್ದೆ ಇರಲಿ ಇಲ್ಲದಿರಲಿ, ಅವಶ್ಯವಲ್ಲದ್ದನ್ನು ಕೇಳದಿರುವುದು ಸಭ್ಯತೆ.

ಮಾಡಬಹುದಾದುದೇನು?

ದೊಡ್ಡ ಗಣಕಯಂತ್ರಗಳಾಗಲಿ ದುಬಾರಿ ಸಲಹೆಗಾರರಾಗಲಿ ಇದಕ್ಕೆ ಬೇಕಾಗಿಲ್ಲ. ಮೊದಲನೆಯದಾಗಿ, ಪ್ರಶ್ನೆಗಳು ಕಡಿಮೆ ಇರಲಿ. ಉತ್ತರ ಸಿಕ್ಕರೆ ನಮ್ಮ ಕೆಲಸದಲ್ಲಿ ಏನನ್ನು ಬದಲಿಸುತ್ತೇವೆ ಎಂದು ಹೇಳಲಾಗದ ಪ್ರಶ್ನೆಯನ್ನು ಕೈಬಿಡೋಣ. ಎರಡನೆಯದಾಗಿ, ವಹಿ ಕನ್ನಡದಲ್ಲಿರಲಿ, ಸರಾಸರಿಗಿಂತ ಮೊದಲು ಹೆಸರುಗಳಿರಲಿ. ಮೂರನೆಯದಾಗಿ, ತಿಂಗಳಿಗೊಮ್ಮೆ ಕಾರ್ಯಕರ್ತೆಯರು ಮತ್ತು ಊರಿನ ತಾಯಂದಿರು ಒಟ್ಟಿಗೆ ಕುಳಿತು ಅದನ್ನು ಓದಲಿ. ಮುಂದಿನ ತಿಂಗಳು ಏನು ಮಾಡಬೇಕೆಂಬ ನಿರ್ಧಾರ ಅಲ್ಲಿಯೇ ಆಗಲಿ. ನಾಲ್ಕನೆಯದಾಗಿ, ವರ್ಗಾವಣೆಯಾಗಿ ಹೋಗುವವರು ಬೀಗದ ಕೈ ಮತ್ತು ಬ್ಯಾಂಕಿನ ಪುಸ್ತಕದ ಜೊತೆಗೆ ಕೆಲಸದ ವಹಿಯನ್ನೂ ಹೊಸಬರೊಡನೆ ಕುಳಿತು ಓದಿ ಒಪ್ಪಿಸಲಿ.

ಧರ್ಮಪ್ರಾಂತ್ಯದ ಮಟ್ಟದಲ್ಲಿ ಹಲವು ಸಣ್ಣ ಸಂಸ್ಥೆಗಳಿಗೆ ಒಬ್ಬ ನುರಿತ ಲೆಕ್ಕಿಗ, ಒಬ್ಬ ತರಬೇತುದಾರ ಎಂಬಂತೆ ಕಾನೂನಿನ ಚೌಕಟ್ಟಿನೊಳಗೆ ಹಂಚಿಕೊಳ್ಳುವ ಏರ್ಪಾಟನ್ನು ಹಿರಿಯರು ಯೋಚಿಸಬಹುದು. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಕಾಣಿಕೆ ಪೆಟ್ಟಿಗೆಗೆ ಹಣ ಹಾಕಿದಷ್ಟೇ ಪುಣ್ಯ, ತಿಂಗಳಿಗೆ ಎರಡು ದಿನ ಒಂದು ಸಂಸ್ಥೆಯ ಲೆಕ್ಕವನ್ನು ನೋಡಿಕೊಡುವುದರಲ್ಲಿಯೂ ಇದೆ. ದಾನಿಗಳಿಗೆ ನಮ್ಮ ಬಿನ್ನಹ: ಕಟ್ಟಡದ ಜೊತೆಗೆ ಅದರೊಳಗೆ ದುಡಿಯುವವರ ಸಂಬಳಕ್ಕೂ ಕೊಡಿ. ಸಂಸ್ಥೆಗಳಿಗೆ ನಮ್ಮ ಬಿನ್ನಹ: ಮುಂದಿನ ವಾರ್ಷಿಕ ವರದಿಯಲ್ಲಿ ಒಂದು ಪುಟವನ್ನಾದರೂ ಫಲಿಸದೆ ಹೋದ ಕೆಲಸಕ್ಕೆ, ಅದರಿಂದ ಕಲಿತ ಪಾಠಕ್ಕೆ ಮೀಸಲಿಡಿ. ಅಂಥ ಪುಟವನ್ನು ಓದಿ ನೆರವು ನಿಲ್ಲಿಸುವ ದಾನಿಗಿಂತ, ಓದಿ ನಂಬಿಕೆ ಹೆಚ್ಚಿಸಿಕೊಳ್ಳುವ ದಾನಿಯನ್ನು ಹುಡುಕುವುದು ಲೇಸು.

ಮುಂದಿನ ಜನಗಣತಿಯ ಅಂಕಿಗಳು ಬಂದಾಗ ದೇವದುರ್ಗದ ಸ್ಥಾನ ಮೇಲೇರಿದೆಯೋ ಇಲ್ಲವೋ ಎಂದು ಎಲ್ಲರೂ ನೋಡುತ್ತಾರೆ. ಅದಕ್ಕೂ ಮುಂಚೆ ನವೆಂಬರ್ ಬರುತ್ತದೆ, ಗುಳೆಯ ಗಂಟುಮೂಟೆಗಳು ಬಸ್ ನಿಲ್ದಾಣಕ್ಕೆ ಬರುತ್ತವೆ. ಆ 16 ಹೆಸರುಗಳನ್ನು ಯಾರಾದರೂ ಆಗಸ್ಟ್‌ನಲ್ಲಿಯೇ ಓದಿರಲಿ ಎಂಬುದೇ ನಮ್ಮ ಹಾರೈಕೆ.